ಗಾಜುಗಲ್ಲಿನ ಅಲಗು, ತೂತು ಬಿದ್ದ ಮಾದರಿ: ಅನಂಗುಲಾದಂಥ ಉಪಕರಣಗಳ ತ್ರೀಡಿ ದೋಷ ಹುಡುಕುವ ಬಗೆ

ಕಂಪ್ಯೂಟರ್ ರಾತ್ರಿಯಿಡೀ ಓಡಿ ಬೆಳಿಗ್ಗೆ ಮಾದರಿ ಮುಗಿಸಿಟ್ಟಿರುತ್ತದೆ. ಆಸೆಯಿಂದ ತೆರೆದು ನೋಡಿದರೆ ಅಲಗಿನ ಮೈತುಂಬ ತೂತು. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಗುಳ್ಳೆ, ಅಂಚು ಇಲಿ ಕಡಿದ ಹಾಗೆ. ಮೇಜಿನ ಮೇಲಿರುವ ಕಲ್ಲು ನೋಡಿದರೆ ಕಪ್ಪಗೆ, ನುಣ್ಣಗೆ ಮಿಂಚುತ್ತಿರುತ್ತದೆ. ಹೊಳೆಯುವ ಕಲ್ಲಿನ ಉಪಕರಣಗಳನ್ನು ಸುತ್ತಲಿಂದ ತೆಗೆದ ಫೋಟೋಗಳಿಂದ ತ್ರೀಡಿ ಮಾದರಿಗೆ ತರಲು ಹೊರಟವರಿಗೆಲ್ಲ ಇಂಥ ಒಂದು ಬೆಳಿಗ್ಗೆ ಬಂದೇ ಬರುತ್ತದೆ. ನನಗೆ ಹತ್ತಾರು ಸಲ ಬಂದಿದೆ.

ಆಗ ಕೈ ಮೊದಲು ಹೋಗುವುದು ಸಾಫ್ಟ್‌ವೇರಿನ ಸೆಟ್ಟಿಂಗ್ ಕಡೆಗೆ. ಗುಣಮಟ್ಟವನ್ನು ಒಂದು ಮೆಟ್ಟಿಲು ಏರಿಸಿ ಮತ್ತೊಂದು ರಾತ್ರಿ ಕಾಯುತ್ತೇವೆ. ಅದೇ ತೂತು ಇನ್ನೂ ಸ್ಪಷ್ಟವಾಗಿ ಬರುತ್ತದೆ. ದೋಷ ಅಲ್ಲಿರುವುದು ಕಡಿಮೆ. ದೀಪದಲ್ಲಿ, ಲೆನ್ಸಿನಲ್ಲಿ, ಕಲ್ಲನ್ನು ಇಟ್ಟ ರೀತಿಯಲ್ಲಿ ಇರುವುದೇ ಜಾಸ್ತಿ. ತೂತಿಗಿಂತ ಕೆಟ್ಟದ್ದು ಇನ್ನೊಂದಿದೆ. ತೂತೇ ಇಲ್ಲದ, ನೋಡಲು ಚೆಂದವಾದ, ಆದರೆ ತಪ್ಪಾದ ಮಾದರಿ. ತೂತು ಬಿದ್ದ ಮಾದರಿ ತನ್ನ ದೋಷವನ್ನು ತಾನೇ ತೋರಿಸುತ್ತದೆ. ಚೆಂದದ ಮಾದರಿಯ ತಪ್ಪನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಯಾವ ಕಲ್ಲು, ಎಲ್ಲಿಯದು

ಉದಾಹರಣೆಗೆ ಅನಂಗುಲಾವನ್ನು ಇಟ್ಟುಕೊಳ್ಳುತ್ತೇನೆ. ಕಲ್ಲಿನ ಕಥೆ ಗೊತ್ತಿಲ್ಲದಿದ್ದರೆ ಮಾದರಿಯಲ್ಲಿ ಯಾವ ತಪ್ಪು ದೊಡ್ಡದು, ಯಾವುದು ಸಣ್ಣದು ಅಂತ ತಿಳಿಯುವುದಿಲ್ಲ.

ಅಲಾಸ್ಕದಿಂದ ಪಶ್ಚಿಮಕ್ಕೆ ಸಮುದ್ರದಲ್ಲಿ ಸರಪಳಿಯ ಹಾಗೆ ಚಾಚಿಕೊಂಡಿರುವುದು ಅಲ್ಯೂಷಿಯನ್ ದ್ವೀಪಗಳು. ಅವುಗಳಲ್ಲಿ ಉಮ್ನಾಕ್ ಒಂದು. ಉಮ್ನಾಕ್‌ನಲ್ಲಿ ನಿಕೋಲ್ಸ್ಕಿ ಅನ್ನುವ ಪುಟ್ಟ ಊರಿದೆ. ಆ ಊರಿನ ಕೊಲ್ಲಿಯ ಬಾಯಲ್ಲಿರುವ ಸಣ್ಣ ದ್ವೀಪವೇ ಅನಂಗುಲಾ. ಸುಮಾರು 9 ಸಾವಿರ ವರ್ಷಗಳ ಹಿಂದೆ ಅಲ್ಲಿ ಕಡಲಬೇಟೆಯ ಜನರ ಹಳ್ಳಿ ಇತ್ತು. 1938ರಲ್ಲಿ ಅಲ್ಲಿಗೆ ಹೋದ ತಂಡವೊಂದರ ಕಣ್ಣಿಗೆ ಕಲ್ಲಿನ ಅಲಗುಗಳು ಬಿದ್ದವು. ಆ ತಂಡದಲ್ಲಿದ್ದ ಮಾನವಶಾಸ್ತ್ರಜ್ಞ ವಿಲಿಯಂ ಲಾಫ್ಲಿನ್ ಮುಂದೆ 1950ರ ದಶಕದಿಂದ 70ರ ದಶಕದವರೆಗೆ ಮತ್ತೆ ಮತ್ತೆ ಹೋಗಿ ಅಗೆಸಿದರು. ಉಪಕರಣಗಳು ಜ್ವಾಲಾಮುಖಿ ಬೂದಿಯ ಪದರಗಳ ನಡುವೆ ಸಿಕ್ಕಿದವು. ಉಮ್ನಾಕ್‌ನಲ್ಲೇ ಓಕ್ಮೋಕ್ ಎಂಬ ದೊಡ್ಡ ಜ್ವಾಲಾಮುಖಿ ಇದೆ. 2008ರ ಜುಲೈನಲ್ಲೂ ಅದು ಸಿಡಿದಿತ್ತು. ಅಲಗುಗಳಿಗೆ ಬೇಕಾದ ಕಪ್ಪು ಗಾಜುಗಲ್ಲನ್ನು, ಅಂದರೆ ಅಬ್ಸಿಡಿಯನ್ನನ್ನು, ಕೊಟ್ಟದ್ದೂ ಓಕ್ಮೋಕೇ.

ಆ ದ್ವೀಪಗಳಲ್ಲಿ ಕಾಡಿಲ್ಲ. ಕಡಲು ತಂದು ದಡಕ್ಕೆ ಎಸೆದ ಮರವೇ ಮರ. ಸೀಲ್, ಕಡಲಸಿಂಹ, ಕಡಲ ನೀರುನಾಯಿಗಳನ್ನು ಬೇಟೆಯಾಡಿ ಬದುಕಿದ ಜನ ಅವರು. ಅವರ ಮೂಳೆ, ಮರ, ಚರ್ಮದ ಸಾಮಾನೆಲ್ಲ ಮಣ್ಣಾಗಿದೆ. ಅನಂಗುಲಾದಲ್ಲಿ ಉಳಿದಿರುವುದು ಕಲ್ಲು ಮಾತ್ರ ಅನ್ನಬಹುದು. ಹಾಗಾಗಿ ಕಲ್ಲಿನ ಮೇಲಿನ ಒಂದೊಂದು ಗೆರೆಯೂ ಲೆಕ್ಕಕ್ಕೆ ಬರುತ್ತದೆ.

ಆ ಗೆರೆಗಳಲ್ಲಿ ಏನಿದೆ? ಒಂದು ತಿರುಳುಗಲ್ಲಿನಿಂದ ಉದ್ದುದ್ದ ಅಲಗುಗಳನ್ನು ಎಬ್ಬಿಸುತ್ತಿದ್ದರು. ಆಮೇಲೆ ಅಂಚನ್ನು ಸಣ್ಣ ಸಣ್ಣ ಚಕ್ಕೆ ತೆಗೆದು ತಿದ್ದುತ್ತಿದ್ದರು. ಅನಂಗುಲಾದ ವಿಶೇಷ ಅಂದರೆ ಈ ತಿದ್ದುವಿಕೆ ಒಂದೇ ಮುಖದಲ್ಲಿ ಇರುತ್ತದೆ. ಎರಡೂ ಮುಖ ತಿದ್ದುವ ಪದ್ಧತಿ ಈ ದ್ವೀಪಗಳಿಗೆ ಆಮೇಲೆ ಬಂದದ್ದು. ನಿಕೋಲ್ಸ್ಕಿಯಲ್ಲೇ ಇರುವ ಚಲೂಕಾ ದಿಬ್ಬದಲ್ಲಿ, ಅದು ಸುಮಾರು 4 ಸಾವಿರ ವರ್ಷಗಳಷ್ಟು ಹಳೆಯದು, ಅಂಥ ಉಪಕರಣಗಳಿವೆ. ಒಂದು ಮುಖವೋ ಎರಡು ಮುಖವೋ ಅನ್ನುವುದು ಸಣ್ಣ ವಿವರವಲ್ಲ. ಅದರ ಮೇಲೆಯೇ ಕಾಲದ ಲೆಕ್ಕ ನಿಂತಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಮಾತು. 'ಅಲ್ಯೂಟ್' ಅನ್ನುವುದು ಈ ದ್ವೀಪಗಳ ಜನರಿಗೆ ರಷ್ಯನ್ನರು ಇಟ್ಟ ಹೆಸರು. ಆ ಜನ ತಮ್ಮನ್ನು ತಾವು ಕರೆದುಕೊಳ್ಳುವುದು ಉನಂಗನ್ ಅಂತ. ಅವರ ಹಿರಿಯರ ವಸ್ತುಗಳು ದೂರದೂರದ ಮ್ಯೂಸಿಯಂಗಳಿಗೆ ಹೋಗಿವೆ. 1936ರಿಂದ 38ರವರೆಗೆ ಆಲೆಷ್ ಹರ್ಡ್ಲಿಚ್ಕ ಎಂಬ ಮಾನವಶಾಸ್ತ್ರಜ್ಞರು ಉನಂಗನ್ ಜನರ ಪೂರ್ವಿಕರ ಮೂಳೆಗಳನ್ನೇ ವಾಷಿಂಗ್ಟನ್‌ಗೆ ಹೊತ್ತು ತಂದಿದ್ದರು. ಇಂಥವನ್ನು ಮೂಲನಿವಾಸಿಗಳಿಗೆ ಹಿಂದಿರುಗಿಸಬೇಕೆಂಬ ಕಾನೂನುಗಳು ಅಮೆರಿಕದಲ್ಲಿ ಬಂದದ್ದು 1989 ಮತ್ತು 1990ರಲ್ಲಿ. ಆದ್ದರಿಂದ ಕ್ಯಾಮೆರಾ ಹಿಡಿಯುವ ಮೊದಲೇ ಕೇಳಬೇಕು: ಈ ವಸ್ತುವಿನ ಮಾದರಿ ಮಾಡಬಹುದಾ, ಮಾಡಿದರೆ ಯಾರು ನೋಡಬಹುದು, ಇಂಟರ್‌ನೆಟ್‌ಗೆ ಹಾಕಬಹುದಾ. ಒಪ್ಪಿಗೆ ಇಲ್ಲದೆ ಮಾಡಿದ ಮಾದರಿ ಎಷ್ಟು ನಿಖರವಾಗಿದ್ದರೂ ಅದೂ ದೋಷವೇ. ಅದನ್ನು ಯಾವ ಫಿಲ್ಟರೂ ಸರಿಮಾಡುವುದಿಲ್ಲ.

ಹಾಗೆಯೇ, ದೋಷ ಹುಡುಕುವ ಪ್ರಯೋಗಗಳನ್ನು ಮೂಲ ವಸ್ತುವಿನ ಮೇಲೆ ಮಾಡಬೇಡಿ. ಇವತ್ತಿಗೂ ಅಬ್ಸಿಡಿಯನ್ ಒಡೆದು ಅಲಗು ಮಾಡುವವರಿದ್ದಾರೆ. ಅಂಥದ್ದೊಂದು ನಕಲು ತರಿಸಿಕೊಳ್ಳಿ. ನನ್ನ ಹತ್ತಿರ ಇರುವುದು 62 ಮಿಲಿಮೀಟರ್ ಉದ್ದ, ನಡುವಿನಲ್ಲಿ 4.1 ಮಿಲಿಮೀಟರ್ ದಪ್ಪ. ಬೆನ್ನ ಮೇಲೆ ಎರಡು ಏಣು. ಕೆಳಗೆ ಹೇಳುವುದೆಲ್ಲ ಅದರ ಮೇಲೆ ಕಲಿತದ್ದು.

ಮೈಮೇಲೆ ಹಳ್ಳ, ಗುಳ್ಳೆ, ತೂತು

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಫೋಟೋಗಳಿರುವ ಫೋಲ್ಡರ್ ತೆರೆಯಿರಿ. ಮೊದಲ ಫೋಟೋವನ್ನು ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ, ಕೀಬೋರ್ಡಿನ ಬಾಣದ ಗುಂಡಿ ಒತ್ತುತ್ತಾ ಒಂದಾದ ಮೇಲೊಂದು ಬೇಗ ಬೇಗ ನೋಡಿ. ಕಲ್ಲನ್ನು ನೋಡಬೇಡಿ, ಅದರ ಮೇಲಿನ ಬಿಳಿ ಮಿಂಚನ್ನು ನೋಡಿ.

ನನ್ನ ಅಲಗಿನಲ್ಲಿ ಕಂಡದ್ದು ಹೀಗೆ. ಹನ್ನೆರಡನೇ ಫೋಟೋದಲ್ಲಿ ಎಡಗಡೆ ಏಣಿನ ಪಕ್ಕ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ. ಹದಿಮೂರನೇದರಲ್ಲಿ ಅದು ಏಣು ದಾಟಿ ಈಚೆಗೆ ಬಂದಿದೆ. ಹದಿನಾಲ್ಕರಲ್ಲಿ ಎರಡಾಗಿ ಒಡೆದಿದೆ. ಕಲ್ಲು ಇದ್ದಲ್ಲೇ ಇದೆ, ಮಿಂಚು ನಡೆದಾಡುತ್ತಿದೆ. ಅದು ದೀಪದ ಪ್ರತಿಬಿಂಬ ಅಂತ ನಮಗೆ ಗೊತ್ತು. ಸಾಫ್ಟ್‌ವೇರಿಗೆ ಗೊತ್ತಿಲ್ಲ. ಅದರ ಪಾಲಿಗೆ ಅದು ಕಲ್ಲಿನ ಮೇಲಿನ ಒಂದು ಗುರುತು. ಬೇರೆ ಬೇರೆ ಕೋನದಿಂದ ಆ ಗುರುತು ಎಲ್ಲಿ ಕಂಡಿತು ಅಂತ ನೋಡಿ ಅದು ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಉಬ್ಬಿದ ಕನ್ನಡಿಯಲ್ಲಿ ಬಿಂಬ ಕನ್ನಡಿಯ ಹಿಂದೆ ಮೂಡುತ್ತದೆ, ಅಲ್ವಾ? ಹಾಗೇ ಕಲ್ಲಿನ ಉಬ್ಬು ಭಾಗದಲ್ಲಿ ಆ ಬಿಂದು ಕಲ್ಲಿನ ಒಳಗೆ ಬೀಳುತ್ತದೆ. ಅದೇ ಹಳ್ಳ. ಚಕ್ಕೆ ಎದ್ದುಹೋದ ತಗ್ಗು ಭಾಗ ತಗ್ಗುಗನ್ನಡಿಯಂತೆ ಕೆಲಸ ಮಾಡಿ ಬಿಂದುವನ್ನು ಮೇಲಕ್ಕೆ ಎತ್ತುತ್ತದೆ. ಅದೇ ಗುಳ್ಳೆ. ಉಬ್ಬಿನಲ್ಲಿ ಹಳ್ಳ, ತಗ್ಗಿನಲ್ಲಿ ಗುಳ್ಳೆ ಕಂಡರೆ ಬೇರೆ ಕಾರಣ ಹುಡುಕಬೇಡಿ. ದೋಷ ಹೊಳಪಿನದ್ದೇ.

ಕಲ್ಲನ್ನು ತಿರುಗುವ ತಟ್ಟೆಯ ಮೇಲಿಟ್ಟು ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿದ್ದರೆ ಚಿತ್ರ ಬೇರೆ. ಆಗ ಕಲ್ಲು ತಿರುಗುತ್ತದೆ, ಮಿಂಚು ಫೋಟೋದ ಅದೇ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹಿಂದಿನ ಗೋಡೆ, ಮೇಜಿನ ಮೇಲಿನ ಗೀರು ಕೂಡ ಅಲ್ಲಾಡದೆ ನಿಂತಿರುತ್ತವೆ. ಕಲ್ಲು ತಿರುಗಿತು ಅಂತ ಕಲ್ಲು ಹೇಳುತ್ತದೆ, ಏನೂ ಅಲ್ಲಾಡಿಲ್ಲ ಅಂತ ಗೋಡೆ ಹೇಳುತ್ತದೆ. ಕಲ್ಲು ನುಣ್ಣಗೆ ಕಪ್ಪಾಗಿದ್ದರೆ ಗೋಡೆಯ ಮಾತೇ ಗೆಲ್ಲುತ್ತದೆ. ಎಂಬತ್ತು ಫೋಟೋ ಕೊಟ್ಟರೂ ಕ್ಯಾಮೆರಾಗಳೆಲ್ಲ ಒಂದೇ ಕಡೆ ಗುಂಪಾಗಿ ಕೂತಂತೆ ತೋರಿಸಿದರೆ ಆಗಿರುವುದು ಇದೇ. ಹಿಂದೆ ಕಪ್ಪು ಮಖಮಲ್ ಬಟ್ಟೆ ಕಟ್ಟಿ. ಸಾಲದಿದ್ದರೆ ಪ್ರತಿ ಫೋಟೋದಲ್ಲೂ ಕಲ್ಲು ಬಿಟ್ಟು ಉಳಿದದ್ದನ್ನು ಮಾಸ್ಕ್ ಮಾಡಿ, ಅಂದರೆ ಸಾಫ್ಟ್‌ವೇರಿಗೆ ಕಾಣದಂತೆ ಮರೆಮಾಡಿ.

ಹೊಳಪಿಗೆ ಮದ್ದು ಏನು? ಎಲ್ಲರೂ ಮೊದಲು ಹೇಳುವುದು ಬಿಳಿ ಬಟ್ಟೆಯ ಟೆಂಟ್. ಮಂಕು ಕಲ್ಲಿಗೆ ಅದು ಚೆನ್ನಾಗಿ ಒದಗುತ್ತದೆ. ಗಾಜುಗಲ್ಲಿಗೆ ಸಾಲದು. ಸಣ್ಣ ಮಿಂಚು ಹೋಗಿ ಅದರ ಬದಲು ಇಡೀ ಟೆಂಟೇ ಕಲ್ಲಿನಲ್ಲಿ ಪ್ರತಿಫಲಿಸುತ್ತದೆ. ಕಪ್ಪು ಕಲ್ಲು ಬೂದು ಬಣ್ಣಕ್ಕೆ ತಿರುಗುತ್ತದೆ, ಏಣು ಕರಗಿಹೋಗುತ್ತದೆ.

ನಿಜವಾಗಿ ಕೆಲಸ ಮಾಡುವುದು ಅಡ್ಡ ಪೋಲರೈಸೇಶನ್. ಪ್ರತಿ ದೀಪದ ಮುಂದೆ ಒಂದು ಪೋಲರೈಸಿಂಗ್ ಹಾಳೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ. ಲೆನ್ಸಿನ ಮೇಲೆ ಅಂಥದ್ದೇ ಒಂದು ಪೋಲರೈಸಿಂಗ್ ಫಿಲ್ಟರ್. ಎರಡೂ ಒಂದಕ್ಕೊಂದು ಲಂಬವಾಗಿ ನಿಂತರೆ ಮೇಲ್ಮೈ ಮಿಂಚು ಅಲ್ಲೇ ತಡೆದುಹೋಗುತ್ತದೆ. ಕಲ್ಲಿನ ಸ್ವಂತ ಬಣ್ಣದ ಬೆಳಕು ಮಾತ್ರ ಒಳಗೆ ಬರುತ್ತದೆ. ಇದರಲ್ಲೂ ಎಡವುವ ಜಾಗ ಒಂದಿದೆ. ಎರಡು ದೀಪ ಇದ್ದಾಗ ಎರಡು ಹಾಳೆಗಳ ದಿಕ್ಕು ಒಂದೇ ಆಗಿರಬೇಕು. ನೋಡಲು ಎರಡೂ ಒಂದೇ ಥರ ಕಾಣುವುದರಿಂದ ಒಂದನ್ನು ಅಡ್ಡ, ಒಂದನ್ನು ಉದ್ದ ಅಂಟಿಸಿಬಿಡುವುದು ಸಹಜ. ನಾನು ಎರಡು ದಿನ ಕಳೆದುಕೊಂಡದ್ದು ಇಲ್ಲೇ. ಲೆನ್ಸಿನ ಫಿಲ್ಟರ್ ಎಷ್ಟು ತಿರುಗಿಸಿದರೂ ಒಂದು ಮಿಂಚು ಹೋದರೆ ಇನ್ನೊಂದು ಬರುತ್ತಿತ್ತು.

ಇದಕ್ಕೆ ಗೋಲಿ ಪರೀಕ್ಷೆ ಮಾಡಿ. ಮಕ್ಕಳು ಆಡುವ ಗಾಜಿನ ಗೋಲಿ, ಗಾಢ ಬಣ್ಣದ್ದು, ಕಲ್ಲು ಇಡುವ ಜಾಗದಲ್ಲಿ ಇಡಿ. ಗೋಲಿಯಲ್ಲಿ ಎರಡು ದೀಪಗಳೂ ಎರಡು ಚುಕ್ಕಿಯಾಗಿ ಕಾಣುತ್ತವೆ. ಒಂದು ದೀಪ ಆಫ್ ಮಾಡಿ. ಉಳಿದ ಚುಕ್ಕಿ ಮಾಯವಾಗುವ ತನಕ ಲೆನ್ಸಿನ ಫಿಲ್ಟರ್ ತಿರುಗಿಸಿ, ಅಲ್ಲೇ ಬಿಡಿ. ಈಗ ಉರಿಯುತ್ತಿರುವ ದೀಪ ಆಫ್ ಮಾಡಿ ಇನ್ನೊಂದನ್ನು ಹಚ್ಚಿ. ಈ ಸಲ ಲೆನ್ಸ್ ಮುಟ್ಟಬೇಡಿ, ದೀಪದ ಹಾಳೆಯನ್ನೇ ತಿರುಗಿಸಿ. ಎರಡು ಚುಕ್ಕಿಯೂ ಹೋದ ಮೇಲೆ ಹಾಳೆಗಳ ಮೂಲೆಯಲ್ಲಿ ಪೆನ್ನಿನಿಂದ ಬಾಣದ ಗುರುತು ಹಾಕಿಕೊಳ್ಳಿ. ಮುಂದಿನ ಸಲ ಅರ್ಧ ಗಂಟೆ ಉಳಿಯುತ್ತದೆ.

ಮಿಂಚು ಹೋದ ಮೇಲೆ ಇನ್ನೊಂದು ತೊಂದರೆ ಶುರು. ಮಿಂಚಿಲ್ಲದ ಅಬ್ಸಿಡಿಯನ್ ಅಂದರೆ ಇದ್ದಿಲ ತುಂಡು. ಸಾಫ್ಟ್‌ವೇರ್ ಹಿಡಿದುಕೊಳ್ಳಲು ಗುರುತೇ ಇರುವುದಿಲ್ಲ. ಫಿಲ್ಟರುಗಳು ಬೆಳಕನ್ನೂ ತುಂಬ ತಿನ್ನುತ್ತವೆ. ಐಎಸ್‌ಒ, ಅಂದರೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಏರಿಸಿದರೆ ಕಾಳುಕಾಳು ಬಂದು ಸಾಫ್ಟ್‌ವೇರ್ ಆ ಕಾಳನ್ನೇ ಗುರುತು ಅಂದುಕೊಳ್ಳುತ್ತದೆ. ಐಎಸ್‌ಒ 100ರಲ್ಲೇ ಇಡಿ. ಗಟ್ಟಿ ಟ್ರೈಪಾಡ್ ಹಾಕಿ, ಶಟರ್ ಅನ್ನು ಒಂದು ಸೆಕೆಂಡಿನಷ್ಟು ಬೇಕಾದರೂ ತೆರೆದಿಡಿ. ಜೆಪೆಗ್ ಬೇಡ, ರಾ ಫೈಲಿನಲ್ಲಿ ತೆಗೆದು ಕತ್ತಲ ಭಾಗವನ್ನು ಮೇಲೆತ್ತಿ. ಆಗ ಕಾಣುತ್ತದೆ: ಹಳೆಯ ಕಲ್ಲು ನಿಜಕ್ಕೂ ಖಾಲಿ ಅಲ್ಲ. ಸಾವಿರಾರು ವರ್ಷ ಬೂದಿಯಲ್ಲಿ ಕೂತ ಗಾಜಿನ ಮೈ ಸ್ವಲ್ಪ ಮಂಕಾಗಿರುತ್ತದೆ. ಸಣ್ಣ ಗೀರು, ಸಂದಿಯಲ್ಲಿ ಉಳಿದ ಮಣ್ಣು, ಹಳೆಯ ಕಾಲದವರು ಶಾಯಿಯಲ್ಲಿ ಬರೆದ ದಾಖಲೆ ಸಂಖ್ಯೆ ಎಲ್ಲವೂ ಸಾಫ್ಟ್‌ವೇರಿಗೆ ಆಸರೆ. ಹೊಸದಾಗಿ ಒಡೆದ ನಕಲಿನ ಮೇಲೆ ಸೋತ ವಿಧಾನ ಹಳೆಯ ಕಲ್ಲಿನ ಮೇಲೆ ಗೆಲ್ಲಬಹುದು.

ಸ್ಪ್ರೇ ಹೊಡೆಯುವ ಆಸೆ

ಈ ಹಂತದಲ್ಲಿ ಯಾರಾದರೂ ಬಂದು ಹೇಳುತ್ತಾರೆ: ಬಿಳಿ ಪುಡಿ ಸ್ಪ್ರೇ ಹೊಡೆದುಬಿಡಿ, ಐದು ನಿಮಿಷದ ಕೆಲಸ. ಕಾರ್ಖಾನೆಯ ಬಿಡಿಭಾಗಕ್ಕೆ ಅದು ಸರಿ. ತಾನೇ ಆವಿಯಾಗಿ ಹೋಗುವ ಸ್ಪ್ರೇಗಳೂ ಇವೆ. ಆದರೂ ನನ್ನ ಅಭಿಪ್ರಾಯ ಬೇಡ ಅಂತಲೇ.

ಕಾರಣ ಇದೆ. ಅಲಗಿನ ಅಂಚಿನಲ್ಲಿ ಬೇಟೆಯ ಕೊಬ್ಬು, ರಕ್ತದ ಅಂಶ ಉಳಿದಿರಬಹುದು. ಅನಂಗುಲಾದಲ್ಲಿ ಕೆಮ್ಮಣ್ಣು ಬಳಸಿದ ಕುರುಹು ಸಿಕ್ಕಿದೆ. ಅದರ ಕಣವೂ ಸಂದಿಯಲ್ಲಿ ಇರಬಹುದು. ಕಲ್ಲು ಯಾವ ಜ್ವಾಲಾಮುಖಿಯದು ಅಂತ ಎಕ್ಸ್‌ರೇ ಉಪಕರಣ ಹಿಡಿದು ಪತ್ತೆ ಮಾಡುತ್ತಾರೆ. ಟೈಟಾನಿಯಂ ಇರುವ ಪುಡಿ ಹೊಡೆದಿದ್ದರೆ ಆ ಲೆಕ್ಕವೇ ಕೆಡುತ್ತದೆ. ಇವತ್ತು ನಮಗೆ ಬೇಕಾದ ಒಂದು ಆಕಾರಕ್ಕೋಸ್ಕರ ನಾಳೆ ಬೇರೆಯವರು ಕೇಳಬಹುದಾದ ಪ್ರಶ್ನೆಯನ್ನು ಒರೆಸಿಹಾಕಬಾರದು. ಕಲ್ಲು ಅಲ್ಲಾಡದಿರಲಿ ಅಂತ ಜೇಡಿಯಂಥ ಪ್ಲಾಸ್ಟಿಸಿನ್ ಅಂಟಿಸುವುದೂ ಹಾಗೇ. ಅದರ ಎಣ್ಣೆ ಕಲ್ಲಿಗೆ ಹತ್ತುತ್ತದೆ. ಸ್ಪಂಜಿನಲ್ಲಿ ಸೀಳು ಮಾಡಿ ಅದರಲ್ಲಿ ನಿಲ್ಲಿಸಿ. ಕೈಗೆ ನೈಟ್ರೈಲ್ ಕೈಗವಸು ಹಾಕಿ. ಆ ಅಂಚು ಇವತ್ತಿಗೂ ಬೆರಳು ಕೊಯ್ಯುತ್ತದೆ.

ಉದ್ದ ಸರಿ, ದಪ್ಪ ತಪ್ಪು

ಈ ದೋಷ ಸುಲಭಕ್ಕೆ ಸಿಗುವುದಿಲ್ಲ. ನನ್ನ ಅಲಗಿನ ಮೂರನೇ ಮಾದರಿ ಎಲ್ಲರಿಗೂ ಇಷ್ಟವಾಗಿತ್ತು. ತೂತಿಲ್ಲ, ಬಣ್ಣ ಚೆನ್ನಾಗಿದೆ, ಉದ್ದ ಅಳೆದರೆ 62.1. ಎಲ್ಲ ಮುಗಿಯಿತು ಅಂತ ಫೋಲ್ಡರ್ ಮುಚ್ಚುವವನಿದ್ದೆ. ಸುಮ್ನೆ ಒಂದು ಸಲ ದಪ್ಪವನ್ನೂ ನೋಡಿದೆ. 5.3 ಮಿಲಿಮೀಟರ್. ವರ್ನಿಯರ್ ಕ್ಯಾಲಿಪರಿಗೆ ಸ್ಪಂಜಿನ ತುಂಡು ಅಡ್ಡ ಇಟ್ಟು ಕಲ್ಲನ್ನು ಮತ್ತೆ ಅಳೆದೆ. ಅದೇ 4.1.

ಸ್ಕೇಲ್ ತಪ್ಪಿದ್ದರೆ ಉದ್ದವೂ ತಪ್ಪಬೇಕಿತ್ತು. ಉದ್ದ ಸರಿಯಿದ್ದು ದಪ್ಪ ಮಾತ್ರ ಹೆಚ್ಚಾಗಿದೆ ಅಂದರೆ ಬೆನ್ನು (ಏಣಿರುವ ಮುಖ) ಮತ್ತು ಹೊಟ್ಟೆ (ನುಣ್ಣನೆಯ ಮುಖ) ಎರಡೂ ಬೇರೆ ಬೇರೆಯಾಗಿ ಸರಿಯಾಗಿವೆ, ಆದರೆ ಕೂಡಿಸುವಾಗ ದೂರ ಉಳಿದಿವೆ. ಅಲಗಿನ ಸ್ವಭಾವವೇ ಹಾಗೆ. ಬೆನ್ನು ಕಾಣುವ ಫೋಟೋದಲ್ಲಿ ಹೊಟ್ಟೆ ಕಾಣುವುದಿಲ್ಲ. ಎರಡನ್ನೂ ಸೇರಿಸುವುದು ಕೂದಲೆಳೆಯಂಥ ಅಂಚು. ಆ ಅಂಚಿನಲ್ಲಿ ಎರಡಕ್ಕೂ ಸಾಮಾನ್ಯವಾದ ಗುರುತು ನಾಲ್ಕೈದು ಸಿಕ್ಕರೆ ಹೆಚ್ಚು.

ಮಾದರಿಯನ್ನು ನಡುವೆ ಅಡ್ಡ ಕತ್ತರಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಬಹುಪಾಲು ಸಾಫ್ಟ್‌ವೇರಿನಲ್ಲಿ ಸೀಳುನೋಟ ತೋರಿಸುವ ವ್ಯವಸ್ಥೆ ಇರುತ್ತದೆ. ಸರಿಯಾದ ಅಲಗಿನ ಸೀಳು ಚಪ್ಪಟೆ ಗೋಪುರದ ಥರ ಇದ್ದು ಎರಡು ತುದಿ ಚೂಪಾಗಿ ಮುಗಿಯಬೇಕು. ನನ್ನದರಲ್ಲಿ ತುದಿ ಮೊಂಡಾಗಿ, ಒಂದು ಕಡೆ ಎರಡು ಗೆರೆ ಪಕ್ಕಪಕ್ಕ ಓಡುತ್ತಿದ್ದವು.

ಪರಿಹಾರ ಸರಳ, ಆದರೆ ಮತ್ತೆ ಫೋಟೋ ತೆಗೆಯಬೇಕು. ಅಲಗನ್ನು ಮಲಗಿಸಬೇಡಿ, ಸ್ಪಂಜಿನ ಸೀಳಿನಲ್ಲಿ ತುದಿಯ ಮೇಲೆ ನಿಲ್ಲಿಸಿ. ಸುತ್ತ ಒಂದು ಪೂರ್ತಿ ವೃತ್ತ ತೆಗೆಯಿರಿ. ಅಂಚು ಎದುರಿಗೆ ಬರುವ ಜಾಗದಲ್ಲಿ ಮಾತ್ರ ಹೆಜ್ಜೆ ಚಿಕ್ಕದು ಮಾಡಿ. ಬೇರೆ ಕಡೆ ಹತ್ತು ಡಿಗ್ರಿಗೆ ಒಂದು ಫೋಟೋ ಸಾಕಾದರೆ ಅಂಚಿನ ಆಚೀಚೆ ಎರಡು ಮೂರು ಡಿಗ್ರಿಗೆ ಒಂದು ಬೇಕು. ಆಮೇಲೆ ತಲೆಕೆಳಗು ಮಾಡಿ ಇನ್ನೊಂದು ವೃತ್ತ. ಪಕ್ಕದಲ್ಲಿ ಅಳತೆಪಟ್ಟಿ ಒಂದಲ್ಲ, ಎರಡು ಇಡಿ. ಒಂದರಿಂದ ಸ್ಕೇಲ್ ಕೊಡಿ, ಇನ್ನೊಂದನ್ನು ಪರೀಕ್ಷೆಗೆ ಉಳಿಸಿಕೊಳ್ಳಿ. ಹೀಗೆ ಮಾಡಿದಾಗ ನನ್ನ ಅಲಗಿನ ದಪ್ಪ 4.2ಕ್ಕೆ ಬಂತು.

ಅಂಚು ಇಲಿ ಕಡಿದಂತೆ

ಅಬ್ಸಿಡಿಯನ್ ದಪ್ಪಗಿದ್ದಾಗ ಕಪ್ಪು. ತೆಳ್ಳಗಾದಲ್ಲಿ ಗಾಜೇ. ಅಲಗಿನ ಅಂಚನ್ನು ಕಿಟಕಿಗೆ ಹಿಡಿದು ನೋಡಿ, ಹೊಗೆಬಣ್ಣದ ಬೆಳಕು ಆಚೆಯಿಂದ ಬರುತ್ತದೆ. ಕ್ಯಾಮೆರಾ ಅಲ್ಲಿ ಕಲ್ಲಿನ ಬದಲು ಹಿಂದಿನ ಬಟ್ಟೆಯನ್ನು ನೋಡುತ್ತದೆ. ಹಿಂದೆ ಬಿಳಿ ಇದ್ದರೆ ಅಂಚು ತಿಂದುಹೋಗುತ್ತದೆ. ಹಿಂದಿನಿಂದ ಬೆಳಕು ಬರದಂತೆ ನೋಡಿಕೊಂಡರೆ ಅರ್ಧ ಸರಿಹೋಗುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಕಪ್ಪು ಅಂಚು ಎಲ್ಲಿ ಮುಗಿಯಿತು ಅಂತ ಸಾಫ್ಟ್‌ವೇರಿಗೆ ತಿಳಿಯದಿದ್ದರೆ ಮಾಸ್ಕನ್ನು ಕೈಯಲ್ಲೇ ಎಳೆಯಿರಿ. ಬೇಸರದ ಕೆಲಸ ನಿಜ, ಆದರೆ ಉಪಕರಣದ ಜೀವ ಇರುವುದೇ ಆ ಅಂಚಿನಲ್ಲಿ. ಬೆಳಕು ಬೀರಿ ಅಳೆಯುವ ಸ್ಕ್ಯಾನರ್ ಬಳಸುವವರಿಗೂ ಇದೇ ಗೋಳು. ಬೆಳಕು ಒಳಹೊಕ್ಕು ಚದುರುತ್ತದೆ, ಅಂಚಿನಲ್ಲಿ ಪುಡಿಪುಡಿ ಬಿಂದುಗಳು ಹಾರಾಡುತ್ತವೆ.

ಚೆಂದದ ತಪ್ಪು

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಮಾದರಿ ತೆರೆದಾಗ ಅದು ಬಣ್ಣದ ಅಂಗಿ ತೊಟ್ಟಿರುತ್ತದೆ. ಫೋಟೋವನ್ನೇ ಆಕಾರದ ಮೇಲೆ ಹೊದಿಸಿರುವುದರಿಂದ ಏಣು, ಗೆರೆ, ಸಣ್ಣ ಚಕ್ಕೆಯ ಗುರುತು ಎಲ್ಲ ಇದ್ದಂತೆ ಕಾಣುತ್ತದೆ. ಆ ಅಂಗಿ ಬಿಚ್ಚಿ. ಬಣ್ಣ ಆಫ್ ಮಾಡಿ, ಬರಿ ಬೂದುಬಣ್ಣದಲ್ಲಿ, ಬೆಳಕನ್ನು ಒಂದು ಪಕ್ಕದಿಂದ ಹಾಯಿಸಿ ನೋಡಿ. ನಾನು ಹೊಸ ಮಾದರಿ ನೋಡುವುದು ಶುರುಮಾಡುವುದೇ ಹೀಗೆ.

ಎರಡು ಥರದ ತಪ್ಪು ಕಾಣುತ್ತದೆ. ಮೊದಲನೇದು, ಏಣು ಸಾಬೂನು ಸವೆದ ಹಾಗೆ ದುಂಡಗಾಗಿರುವುದು. ಕಾರಣ ಹೆಚ್ಚಾಗಿ ಫೋಕಸ್. ಇಷ್ಟು ಹತ್ತಿರದಿಂದ ತೆಗೆದಾಗ ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಚೊಕ್ಕವಾಗಿ ಬರುವ ಆಳ ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ. ಓರೆಯಾಗಿ ನಿಂತ ಅಲಗಿನ ಈ ತುದಿ ಚೊಕ್ಕ, ಆ ತುದಿ ಮಸುಕು. ಎಫ್ 22ಕ್ಕೆ ಹೋದರೆ ಆಳ ಹೆಚ್ಚುತ್ತದೆ, ಆದರೆ ಚಿತ್ರವೆಲ್ಲ ಒಂದೇ ಸಮ ಮೆತ್ತಗಾಗುತ್ತದೆ. ಸ್ವಲ್ಪ ದೂರ ಸರಿದು ತೆಗೆಯಿರಿ, ಇಲ್ಲವೇ ಫೋಕಸ್ ಬದಲಿಸುತ್ತಾ ಹಲವು ಫೋಟೋ ತೆಗೆದು ಒಂದು ಮಾಡಿ. ಆಟೋಫೋಕಸ್, ಅಲುಗಾಟ ತಡೆಯುವ ವ್ಯವಸ್ಥೆ ಎರಡನ್ನೂ ಆಫ್ ಮಾಡಿ. ಜೂಮ್ ಲೆನ್ಸ್ ಆದರೆ ಅದರ ಉಂಗುರಕ್ಕೆ ಟೇಪ್ ಹಚ್ಚಿ. ಫೋಟೋ ಚೊಕ್ಕವಿದ್ದೂ ಏಣು ದುಂಡಗಿದ್ದರೆ ಸಾಫ್ಟ್‌ವೇರಿನ 'ಸ್ಮೂತ್' ಕಡೆ ನೋಡಿ. ಅಲ್ಲಿಗೆ ಬರುವುದು ಕೊನೆಗೆ.

ಎರಡನೇದು ಇದಕ್ಕೆ ತದ್ವಿರುದ್ಧ, ಇನ್ನೂ ಅಪಾಯದ್ದು. ನುಣ್ಣಗಿರಬೇಕಾದ ಹೊಟ್ಟೆಯ ಮುಖದಲ್ಲಿ, ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ತಗ್ಗು. ಬೂದುಬಣ್ಣದಲ್ಲಿ ನೋಡಿದರೆ ಯಾರೋ ಚಕ್ಕೆ ತೆಗೆದು ತಿದ್ದಿದ ಹಾಗೇ ಕಾಣುತ್ತದೆ. ಅದು ತಿದ್ದಿದ್ದಲ್ಲ, ಉಳಿದುಕೊಂಡ ಮಿಂಚು ಮಾಡಿದ ಹಳ್ಳ. ಅನಂಗುಲಾದ ಅಲಗುಗಳು ಒಂದೇ ಮುಖದಲ್ಲಿ ತಿದ್ದಿದವು ಅಂದೆನಲ್ಲ? ಈ ಮಾದರಿಯನ್ನು ದೂರದಲ್ಲಿ ಕೂತು ನೋಡುವ ವಿದ್ಯಾರ್ಥಿಯ ಕಣ್ಣಿಗೆ ಅದು ಎರಡೂ ಮುಖ ತಿದ್ದಿದ ಉಪಕರಣವಾಗಿ ಕಂಡರೆ ಅವರು ಅದನ್ನು ಸಾವಿರಾರು ವರ್ಷ ಈಚೆಗೆ ತಂದು ಕೂರಿಸುತ್ತಾರೆ. ಒಂದು ದೀಪದ ಹಾಳೆ ಸ್ವಲ್ಪ ವಾಲಿದ್ದಕ್ಕೆ ಒಂದು ಜನದ ಚರಿತ್ರೆ ತಪ್ಪಾಗಿ ಓದಿಸಿಕೊಳ್ಳುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ.

ಪರೀಕ್ಷೆ ಹೀಗೆ ಮಾಡಿ. ದೀಪಗಳನ್ನು ಬೇರೆ ಕಡೆ ಇಟ್ಟು ಮೊದಲಿನಿಂದ ಇನ್ನೊಂದು ಮಾದರಿ ಮಾಡಿ. ಎರಡನ್ನೂ ಒಂದರ ಮೇಲೊಂದು ಕೂರಿಸಿ ಹೋಲಿಸಿ. ನಿಜವಾದ ಚಕ್ಕೆಗುರುತು ಎರಡರಲ್ಲೂ ಅದೇ ಜಾಗದಲ್ಲಿರುತ್ತದೆ. ಮಿಂಚಿನ ಹಳ್ಳ ದೀಪದ ಜತೆ ಜಾಗ ಬದಲಿಸುತ್ತದೆ. ಅನುಮಾನ ಉಳಿದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಕಲ್ಲನ್ನೇ ನೋಡಿ.

'ಫಿಲ್ ಹೋಲ್ಸ್' ಗುಂಡಿಯ ಬಗ್ಗೆಯೂ ಇಲ್ಲೇ ಹೇಳಬೇಕು. ಅದು ತೂತಿನ ಸುತ್ತಲ ಅಂಚು ನೋಡಿ ನಡುವೆ ನುಣ್ಣನೆ ತೇಪೆ ಹಾಕುತ್ತದೆ. ಆ ತೇಪೆಯ ಕಲ್ಲನ್ನು ಯಾರೂ ಒಡೆದಿಲ್ಲ, ಯಾರೂ ನೋಡಿಲ್ಲ. ಪ್ರದರ್ಶನಕ್ಕೋ ತ್ರೀಡಿ ಪ್ರಿಂಟಿಗೋ ಬೇಕಾದರೆ ಪ್ರತ್ಯೇಕ ಪ್ರತಿ ಮಾಡಿ, ತೇಪೆಗೆ ಎದ್ದುಕಾಣುವ ಬಣ್ಣ ಹಚ್ಚಿ. ದಾಖಲೆಯ ಪ್ರತಿಯಲ್ಲಿ ತೂತು ತೂತಾಗಿಯೇ ಇರಲಿ.

ಕಳಿಸಿದ ಮೇಲೆ ಬರುವ ದೂರುಗಳು

ಇವು ಬೇಗ ಮುಗಿಯುವಂಥವು. ಅಲಗು ಬೆಟ್ಟದಷ್ಟು ದೊಡ್ಡದಾಗಿ ತೆರೆದುಕೊಂಡಿತು ಅಂದರೆ ಫೈಲು ಎಸ್‌ಟಿಎಲ್ ಆಗಿರುತ್ತದೆ. ಅದರಲ್ಲಿ ಮಿಲಿಮೀಟರೋ ಮೀಟರೋ ಇಂಚೋ ಎಂಬ ಮಾತೇ ಇರುವುದಿಲ್ಲ. ಸರಿಯಾಗಿ 1000 ಪಟ್ಟು ಅಥವಾ 25.4 ಪಟ್ಟು ವ್ಯತ್ಯಾಸ ಇದ್ದರೆ ಮಾದರಿ ತಪ್ಪಿಲ್ಲ, ಮಾನ ಮಾತ್ರ ತಪ್ಪಿದೆ. ಬಣ್ಣ ಹೋಗಿದೆ ಅಂದರೆ ಒಬಿಜೆ ಫೈಲಿನ ಜತೆ ಇರಬೇಕಾದ ಚಿತ್ರದ ಫೈಲು ಕಳಿಸಿರುವುದಿಲ್ಲ, ಇಲ್ಲವೇ ಯಾರೋ ಅದರ ಹೆಸರು ಬದಲಿಸಿರುತ್ತಾರೆ.

ಕನ್ನಡಿಯಲ್ಲಿ ನೋಡಿದಂತೆ ಎಡಬಲ ಅದಲುಬದಲಾಗುವುದು ಅಪರೂಪ, ಆದರೆ ಬಂದರೆ ಕಂಡುಹಿಡಿಯುವುದು ಕಷ್ಟ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗುವಾಗ ಒಂದು ಅಕ್ಷ ಮಗುಚಿದರೆ ಹೀಗಾಗುತ್ತದೆ. ಅನಂಗುಲಾದಲ್ಲಿ ಅಲಗಿನ ತುದಿಗೆ ಅಡ್ಡವಾಗಿ ಹೊಡೆದು ಮಾಡಿದ ಕೊರೆಯುವ ಉಳಿಗಳು ಸಿಕ್ಕಿವೆ. ಏಟು ಯಾವ ಪಕ್ಕದಿಂದ ಬಿತ್ತು ಅನ್ನುವುದು ಅವುಗಳಲ್ಲಿ ಓದಬೇಕಾದ ಸಂಗತಿ. ಕಲ್ಲಿನ ಮೇಲೆ ಬರೆದ ದಾಖಲೆ ಸಂಖ್ಯೆ ಮಾದರಿಯಲ್ಲಿ ಉಲ್ಟಾ ಓದಿಸಿಕೊಂಡರೆ ಮಗುಚಿದೆ ಅಂತ ಅರ್ಥ.

ಇನ್ನು ಹಾರ್ಡ್‌ಡಿಸ್ಕ್. ಮಾದರಿಗಿಂತ ಮೂಲ ಫೋಟೋಗಳೇ ಹೆಚ್ಚು ಬೆಲೆಯವು. ಐದು ವರ್ಷದ ಮೇಲೆ ಸಾಫ್ಟ್‌ವೇರ್ ಸುಧಾರಿಸಿದಾಗ ಅದೇ ಫೋಟೋಗಳಿಂದ ಇನ್ನೂ ಒಳ್ಳೆಯ ಮಾದರಿ ತೆಗೆಯಬಹುದು. ಮೂರು ಪ್ರತಿ ಇಡಿ, ಒಂದು ಬೇರೆ ಊರಿನಲ್ಲಿರಲಿ. ಪ್ರತಿ ಫೈಲಿಗೆ ಚೆಕ್‌ಸಮ್, ಅಂದರೆ ಫೈಲು ಬದಲಾಗಿದೆಯಾ ಅಂತ ತಿಳಿಸುವ ಸಂಖ್ಯೆ, ತೆಗೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿ. ಉತ್ಖನನದ ಜಾಗದಲ್ಲಿ ಫೋನಿನಿಂದ ತೆಗೆದ ಫೋಟೋ ಇದ್ದರೆ ಹಂಚುವ ಪ್ರತಿಯಿಂದ ಜಿಪಿಎಸ್ ಗುರುತು ಅಳಿಸಿ. ಅಗೆದು ಮಾರುವವರಿಗೆ ದಾರಿ ತೋರಿಸಿದಂತಾಗಬಾರದು.

ಎಲ್ಲ ಮಾಡಿಯೂ ಆಗದಿದ್ದರೆ

ಕೆಲವು ಕಲ್ಲು ಒಲಿಯುವುದೇ ಇಲ್ಲ. ಹೊಸದಾಗಿ ಮುರಿದಂತೆ ಮಿಂಚುವ, ಉಗುರಿನಷ್ಟು ತೆಳುವಾದ ಚಕ್ಕೆಯ ಜತೆ ವಾರಗಟ್ಟಲೆ ಗುದ್ದಾಡಬೇಡಿ. ವಿಧಾನ ಬದಲಿಸಿ. ಸೂಕ್ಷ್ಮ ಸಿಟಿ ಸ್ಕ್ಯಾನ್‌ಗೆ ಹೊಳಪು ಲೆಕ್ಕಕ್ಕಿಲ್ಲ, ಅದು ಎಕ್ಸ್‌ರೇ. ದುಬಾರಿ, ಬಣ್ಣವೂ ಸಿಗುವುದಿಲ್ಲ. ಆದರೆ ಅಂಚು ಅಂಚಾಗಿಯೇ ಬರುತ್ತದೆ.

ಖರ್ಚಿಲ್ಲದ ದಾರಿ ಆರ್‌ಟಿಐ. ಮಾಹಿತಿ ಹಕ್ಕಲ್ಲ, ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್, ಅಂದರೆ ಬೆಳಕಿನ ದಿಕ್ಕು ಬದಲಿಸುತ್ತಾ ಫೋಟೋ ತೆಗೆಯುವ ವಿಧಾನ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜತೆಗಾರರು ಕೊಟ್ಟ ವಿಧಾನದಿಂದ ಇದು ಬೆಳೆಯಿತು. ಕಲ್ಲು, ಕ್ಯಾಮೆರಾ ಎರಡೂ ಅಲ್ಲಾಡುವುದಿಲ್ಲ, ದೀಪ ಮಾತ್ರ ಸುತ್ತ ತಿರುಗುತ್ತದೆ. ಪಕ್ಕದಲ್ಲಿ ಇಟ್ಟ ಹೊಳೆಯುವ ಕಪ್ಪು ಗುಂಡು ದೀಪ ಎಲ್ಲಿತ್ತು ಅಂತ ಹೇಳುತ್ತದೆ. ಆಮೇಲೆ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಹಾಯಿಸಬಹುದು. ಫೋಟೋಗಳಿಂದ ತ್ರೀಡಿ ಮಾದರಿ ಮಾಡುವಾಗ ವೈರಿಯಾಗಿದ್ದ ಹೊಳಪು ಇಲ್ಲಿ ಸಹಾಯಕ್ಕೆ ಬರುತ್ತದೆ. ಅಲಗಿನ ಬೆನ್ನಿನ ಮೇಲೆ ಏಟಿನ ಜಾಗದಿಂದ ಹೊರಟ ಅಲೆಯಂಥ ಗೆರೆಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಪೂರ್ತಿ ತ್ರೀಡಿ ಅಲ್ಲ, ಒಂದು ಮುಖ ಅಷ್ಟೇ. ಆದರೂ ಆ ಕೈ ಯಾವ ಕಡೆಯಿಂದ ಹೊಡೆಯಿತು ಅಂತ ಓದಲು ಬಹಳ ಸಲ ಅದೇ ಸಾಕು.

ಕೊನೆಗೆ ಉಳಿದ ದೋಷವನ್ನು ಮಾದರಿಯ ಜತೆಗಿನ ಟಿಪ್ಪಣಿಯಲ್ಲಿ ಬರೆಯಿರಿ. ನನ್ನ ಅಲಗಿನ ಫೈಲಿನ ಜತೆ ಇರುವುದು ಇಷ್ಟು: 'ಉದ್ದ 62.0, ಕಲ್ಲಿನ ಮೇಲೂ ಮಾದರಿಯಲ್ಲೂ. ದಪ್ಪ ಕಲ್ಲಿನಲ್ಲಿ 4.1, ಮಾದರಿಯಲ್ಲಿ 4.2. ಬಲ ಅಂಚಿನಲ್ಲಿ ತುದಿಯಿಂದ 11ರಿಂದ 19 ಮಿಲಿಮೀಟರ್ ವರೆಗೆ ಬೆಳಕು ಹಾಯ್ದು ಆಕಾರ ಸಿಕ್ಕಿಲ್ಲ, ತೂತು ತುಂಬಿಲ್ಲ. ಆ ಭಾಗದ ತಿದ್ದುವಿಕೆಯನ್ನು ಈ ಮಾದರಿ ನೋಡಿ ಹೇಳಬಾರದು, ಕಲ್ಲನ್ನೇ ನೋಡಬೇಕು.'